ಅವ್ವನ ಕಂಪ್ಯೂಟರ್ ಕೆಡಿಸಿದವಗ

ತಮ್ಮಾ ಬಸವಕಿರಣಾ,

ಕಂಪ್ಯೂಟರ್ ಈಗಷ್ಟೇ ಕಲಿಯಾಕತ್ತಿದ್ದ ಅವ್ವಗ, ಚಿತ್ರ ಒತ್ತಿದ್ರ ನಡಿಯೋ ಸರಳ ಲಿನಕ್ಸ್ ಉಬುಂಟು ಹಾಕು ಅಂದಿದ್ದೆ. ಅದು ಸಣ್ಣ ಹುಡುಗರದು ಅಂತ ಮೂಗು ಮುರಿದು, ಗೆಳೆಯರ ಮುಂದ ಶಾಣ್ಯಾ ಅನ್ನಿಸ್ಕೊಳ್ಳಾಕ ಬರೇ ಕಮಾಂಡಿನ ಮ್ಯಾಲ ನಡಿಯೋ ಲಿನಕ್ಸ್ ತುರುಕಿದಿ. ಈಗ ಚಾಲೂ ಮಾಡಿದ್ರ ಕರೀ ಪರದೆ ಬಿಟ್ಟು ಏನೂ ಕಾಣಂಗಿಲ್ಲ.

ನಿನ್ನೆ ಭಜನಿ ಮಂಡಳಿಯವರು ತಾವು ಕೊಟ್ಟ ಭಜನಿ ಪದ ಟೈಪ್ ಆದವೇನು ಅಂತ ಕೇಳಿದ್ರ, "ನಾನೇ ಏನೋ ಒತ್ತಿ ಕೆಡಿಸೀನ್ರಿ, ನನಗ ನೀಗಂಗಿಲ್ಲ" ಅಂದಳು ಅವ್ವ. ನೀ ಅಲ್ಲೇ ಸುಸಲಾ ತಿನಕೋತ ಸುಮ್ಮನ ಕೂತಿದ್ದಿ. ನಾಚಿಕಿ ಬರಲಿಲ್ಲೇನು?

ಉಬುಂಟು ಸಿಡಿ ಟಿವಿ ಮ್ಯಾಲ ಅದ. ಸಂಜಿಗೆ ನಾ ಬರೋದ್ರಾಗ ಹಾಕಿರು. ಟೈಪ್ ಮಾಡಿದ್ರ ಕನ್ನಡ ಮೂಡಬೇಕು.

ಅದಕ್ಕೂ ಮೊದಲ ಅವ್ವನ್ನ ಎದುರಿಗೆ ಕೂಡಿಸಿ, ಕೆಡಿಸಿದವ ನಾನು ಅಂತ ಹೇಳು. ಮಂಡಳಿಯವರ ಮುಂದೂ ಹೇಳಬೇಕು. ನಾ ಮಾಣಿಕನಗರಕ್ಕ ಹೊಂಟೀನಿ, ಅವರನ್ನ ಕರಕೊಂಡೇ ಬರ್ತೀನಿ.

ದೀಪಾಲಿ