ನಿನ್ನ ಕುರ್ಚಿ ಮೇಲೆ ನನ್ನ ಚೀಲ

ಲೋ ಪೇಂಟರ್,

ನನ್ನ ಜೊತೆ ಜಗಳ ಆಡ್ಕೊಂಡು ಬೇರೆ ಚರ್ಚಿನ ಸಭೆ ಸೇರಿದವನಿಗೆ ಈ ಕಾಗದ ಕಳಿಸಲ್ಲ, ಬಿಡು. ಇವತ್ತು ಬೈಬಲ್ ಕೂಟದಲ್ಲಿ, ತಪ್ಪು ಮಾಡಿದ ಸಹೋದರನನ್ನ ಕ್ಷಮಿಸೋ ವಚನ ಓದಿದ್ವಿ. ಓದಿದ್ಮೇಲೆ ಸುಮ್ನೆ ಮನೆಗೆ ಬಿಡ್ತಾರಾ ಪಾಸ್ಟರು? ಅದೇ ಪ್ರಶ್ನೆ ಕಾಟ!

"ಯಾರನ್ನ ಕ್ಷಮಿಸೋಕೆ ನಿಮಗೆ ಕಷ್ಟ? ಪಕ್ಕದವರಿಗೆ ಹೇಳಿ."

"ಇಂಥ ಪ್ರಶ್ನೆ ಕೇಳೋರನ್ನ" ಅಂದೆ. ಎಲ್ಲರೂ ನಕ್ಕರು. ಪಾಸ್ಟರು ಮಾತ್ರ "ಸರಿ, ಆಮೇಲೆ?" ಅಂತ ನನ್ನೇ ನೋಡ್ತಾ ನಿಂತ್ರು. ಆಮೇಲೇನು, ನನ್ನ ತಲೆ! ಪಕ್ಕದಲ್ಲಿದ್ದದ್ದು ನೀನು ಕೂರ್ತಿದ್ದ ಕುರ್ಚಿ, ಅದರ ಮೇಲೆ ನನ್ನ ಚೀಲ.

ಅಷ್ಟರಲ್ಲಿ ಹೊಸಬರೊಬ್ಬರು ತಡವಾಗಿ ಬಂದು, "ಅಣ್ಣಾ, ಇಲ್ಲಿ ಯಾರಾದ್ರೂ ಇದಾರಾ?" ಅಂದ್ರು.

"ಇದಾನೆ, ಬರ್ತಾನೆ" ಅಂದ್ಬಿಟ್ಟೆ.

ಬೈಬಲ್ ತೊಡೆ ಮೇಲಿರುವಾಗ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀಯಲ್ಲೋ, ಪುಣ್ಯಾತ್ಮ!