ಐಸಿಯುನಲ್ಲಿ ಮಂಕಿ ಕ್ಯಾಪ್

ಅಪ್ಪಾ,

ನೀವು ಹೋಗಿ ಮೂರು ವರ್ಷವಾಯಿತು. ಇದು ನಿಮ್ಮನ್ನು ತಲುಪುವುದಿಲ್ಲವೆಂದು ಗೊತ್ತು. ಆದರೂ ಡ್ಯೂಟಿ ಮುಗಿದ ಮೇಲೆ ನಿಮಗೆ ವರದಿ ಒಪ್ಪಿಸುವ ಚಾಳಿ ಬಿಟ್ಟಿಲ್ಲ.

ಇವತ್ತು ಮಧ್ಯಾಹ್ನ ಪದ್ಮನಾಭನಗರದ ಒಬ್ಬ ನಿವೃತ್ತ ಮೇಷ್ಟ್ರನ್ನು ಹೊಟ್ಟೆಯ ಆಪರೇಷನ್ ಮುಗಿಸಿ ನಮ್ಮ ಐಸಿಯುಗೆ ತಂದರು. ಮಂಚದ ಕಂಬಿ ಸದ್ದು ಮಾಡುವಷ್ಟು ನಡುಗುತ್ತಿದ್ದರು. ಜ್ವರವಲ್ಲ, ಅರಿವಳಿಕೆಗೂ ಆಪರೇಷನ್ ಕೋಣೆಯ ತಂಪಿಗೂ ಮೈ ತಣ್ಣಗಾಗಿರುತ್ತದೆ. ನಡುಗಿದಷ್ಟೂ ಹೃದಯಕ್ಕೆ ದುಡಿತ ಹೆಚ್ಚು. ಬಿಸಿಗಾಳಿ ತುಂಬುವ ಹೊದಿಕೆ ಹೊದಿಸಿದೆ, ಕೈಕಾಲಿಗೆ ಬಟ್ಟೆ ಸುತ್ತಿದೆ, ಡಾಕ್ಟರು ಹೇಳಿದ ಇಂಜೆಕ್ಷನ್ ಕೊಟ್ಟೆ. ಅಷ್ಟರಲ್ಲಿ ಅವರ ಹೆಂಡತಿ ಬ್ಯಾಗಿನಿಂದ ಕಂದು ಬಣ್ಣದ ಮಂಕಿ ಕ್ಯಾಪ್ ತೆಗೆದು, "ಸಿಸ್ಟರ್, ಇದನ್ನ ಹಾಕಬಹುದಾ? ಒಗೆದು ತಂದಿದೀನಿ," ಅಂದರು.

ನಿಮ್ಮದೂ ಕಂದೇ. ಏಪ್ರಿಲ್ ತಿಂಗಳಲ್ಲೂ ಅದು ತಲೆ ಮೇಲಿಲ್ಲದೆ ನೀವು ಮಿನಿ ಫಾರೆಸ್ಟ್ ಪಾರ್ಕಿಗೆ ವಾಕಿಂಗ್ ಹೊರಡುತ್ತಿರಲಿಲ್ಲ. ನಿಮ್ಮ ಆಪರೇಷನ್ ಆದ ದಿನ ಇದೇ ಐಸಿಯುನಲ್ಲಿ ನಡುಗುತ್ತಾ ಅದನ್ನೇ ಕೇಳಿದಿರಿ.

"ಅಪ್ಪಾ, ಇಲ್ಲಿರೋರೆಲ್ಲ ನನ್ನ ಜೊತೆ ಕೆಲ್ಸ ಮಾಡೋರು. ನೋಡಿ ನಗ್ತಾರೆ," ಅಂದೆ.

"ಸರಿ ಪುಟ್ಟಿ," ಅಂದು ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಿರಿ.

ಮೇಷ್ಟ್ರಿಗೆ ಕ್ಯಾಪನ್ನು ನಾನೇ ತೊಡಿಸಿ, ಕಿವಿ ಮುಚ್ಚುವ ಹಾಗೆ ಎಳೆದೆ. ಇಪ್ಪತ್ತು ನಿಮಿಷದಲ್ಲಿ ನಡುಕ ನಿಂತಿತು.

"ಇನ್ನು ತೆಗೀಲಾಮ್ಮ? ನೋಡೋರಿಗೆ ನಗು ಬರುತ್ತೆ," ಅಂದರು.

"ಇರಲಿ ಬಿಡಿ ಅಂಕಲ್," ಅಂದೆ. "ನಿಮಗೆ ತುಂಬಾ ಚೆನ್ನಾಗಿ ಒಪ್ಪುತ್ತೆ."