ನಲ್ಲಿ ನೀರನ್ನು ನಂಬುವಂತೆ ಮಾಡಿದವಳ ಪರವಾಗಿ

ನೀರು ಸರಬರಾಜಿನ ಮುಖ್ಯಾಧಿಕಾರಿಗಳೇ,

ನಮ್ಮ ಬೀದಿಯ ಮಕ್ಕಳನ್ನು ಬಲಿ ತೆಗೆದುಕೊಂಡದ್ದು ನಿಮ್ಮ ಕಚೇರಿ ಬಿಟ್ಟ ನೀರು. ಬೀದಿ ದೂರಿದ್ದು ಮಾತ್ರ ನನ್ನ ಹೆಂಡತಿಯನ್ನು. ಈಗ ಅವಳೂ ಇಲ್ಲ. ಅವಳ ಪರವಾಗಿ ನಾನು ಬರೆಯಬೇಕಾಗಿದೆ.

ಅವಳು ಸೂಲಗಿತ್ತಿ. ಬೀದಿಯ ಅರ್ಧದಷ್ಟು ಜನ ಹುಟ್ಟಿದ್ದು ಅವಳ ಕೈಯಲ್ಲಿ. ನೀವು ಹೊಸದಾಗಿ ನಲ್ಲಿ ಹಾಕಿಸಿದಾಗ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಕೊಡ ಹಿಡಿದು ಹಳೆಯ ಬಾವಿಗೇ ಹೋಗುತ್ತಿದ್ದರು. ಆಗ ನಿಮಗೆ ಅವಳು ನೆನಪಾದಳು. ತಮ್ಮ ಕಚೇರಿಯ ಹಿರಿಯರೊಬ್ಬರು ಖುದ್ದಾಗಿ ನಮ್ಮ ಹೊಸ್ತಿಲು ತುಳಿದರು. ಅವಳನ್ನು ಕರೆದೊಯ್ದು, ನದಿಯ ಕೆಸರು ನೀರು ಮರಳಿನ ಹಾಸಿನಲ್ಲಿ ಇಳಿದು ತಿಳಿಯಾಗಿ ಬರುವುದನ್ನು ತೋರಿಸಿದರು. ಹನಿ ನೀರನ್ನು ಗಾಜಿನ ತಟ್ಟೆಯಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ಪರೀಕ್ಷಿಸುವ ಬಗೆಯನ್ನೂ ವಿವರಿಸಿದರು.

ಮನೆಗೆ ಬಂದವಳ ಮುಖ ಅರಳಿತ್ತು. "ರೀ, ಕಣ್ಣಿಗೆ ಕಾಣದ್ದನ್ನೂ ಹಿಡೀತಾರಂತೆ. ಇನ್ಮೇಲೆ ವಾಂತಿ ಭೇದಿಯಿಂದ ಮಕ್ಕಳು ಸಾಯಲ್ಲ."

ಮನೆಮನೆ ಸುತ್ತಿದಳು. "ನನ್ನ ಕೈಯಲ್ಲಿ ಹುಟ್ಟಿದ ಕೂಸು ಕಣೇ ಇದು, ಇದಕ್ಕೆ ಕೆಟ್ಟದ್ದು ಹೇಳ್ತೀನಾ?" ಎಂದು ಬಾಣಂತಿಯರನ್ನು ಒಪ್ಪಿಸಿದಳು. ಅವಳು ಒಪ್ಪಿಸಿದ ಮೇಲೆ ನೀವು ಬಾವಿಗೆ ಮುಚ್ಚಳ ಹಾಕಿದಿರಿ.

ಮಳೆಗಾಲದಲ್ಲಿ ವಿಷಮಶೀತ ಜ್ವರ ಬಂತು. ಮೊದಲು ದರ್ಜಿಯ ಮಗಳು ಹೋದಳು, ಆಮೇಲೆ ಬಡಗಿಯ ಅವಳಿ ಮಕ್ಕಳು. ಬಡಗಿಯ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು, "ಅಕ್ಕಾ, ನೀನೇ ತಾನೇ ಕುಡಿಸು ಅಂದಿದ್ದು?" ಎಂದಳು. ಅಷ್ಟೇ, ಬೈಯಲಿಲ್ಲ. ಬೈದಿದ್ದರೆ ನನ್ನವಳು ತಡೆದುಕೊಳ್ಳುತ್ತಿದ್ದಳೇನೋ.

ಹೆರಿಗೆಗೆ ಕರೆ ಬರುವುದು ನಿಂತಿತು. ನೀರು ಕಾಯಿಸಿ ಕುಡಿಯಿರಿ ಎಂದು ವೈದ್ಯರು ಹೇಳಿದರು. ನಾನು ಕಾಯಿಸಿ, ಆರಿಸಿ, ಅವಳ ಮುಂದಿಟ್ಟೆ. ಮುಟ್ಟಲಿಲ್ಲ.

"ಊರಿಗೆಲ್ಲ ಹಸಿನೀರು ಕುಡಿಸಿ ನಾನೊಬ್ಬಳು ಕಾಯಿಸಿ ಕುಡೀಲಾ?"

ಜಗಳವಾಡಿದೆ, ಕೈಮುಗಿದೆ, ಹಸಿನೀರಿನ ಲೋಟ ಕಿತ್ತುಕೊಂಡೆ. ನಾನು ಕೆಲಸಕ್ಕೆ ಹೋದ ಮೇಲೆ ಯಾರು ಕಿತ್ತುಕೊಳ್ಳಬೇಕು? ಅವಳೂ ಮಲಗಿದಳು. ಏಳಲಿಲ್ಲ.

ಅವಳನ್ನು ಕಳುಹಿಸಿಕೊಟ್ಟ ಮೇಲೆ ತಮ್ಮ ಕಚೇರಿಗೆ ಬಂದೆ. ಎಂಜಿನಿಯರರು ಕುರ್ಚಿ ಕೊಟ್ಟರು. ಆ ಸೌಜನ್ಯಕ್ಕೆ ಋಣಿ.

"ಮಳೆ ಕೆಸರಿಗೆ ಮರಳಿನ ಹಾಸು ಕಟ್ಕೊಂಡಿತ್ತು. ತೆಗೆದು ತೊಳೆಯೋವರೆಗೆ ನದಿ ನೀರನ್ನೇ ನೇರ ಬಿಟ್ವಿ. ಊರಿಗೆ ನೀರು ನಿಲ್ಲಿಸೋಕಾಗುತ್ತಾ?"

"ಪರೀಕ್ಷೆ ಮಾಡಲಿಲ್ವಾ ಸ್ವಾಮಿ?"

"ಮಾಡದೆ ಇರ್ತೀವಾ? ರೋಗಾಣು ಕಾಣಿಸ್ತು. ಆದ್ರೆ ಹೇಳಿದ್ರೆ ಜನ ಗಾಬರಿಯಾಗಿ ಮತ್ತೆ ಬಾವಿಗೇ ಹೋಗ್ಬಿಡ್ತಾರಲ್ಲ?"

ಎಂಥ ದೂರದೃಷ್ಟಿ, ಮಾನ್ಯರೇ! ಪರೀಕ್ಷೆ ಇರುವುದು ನೀವು ತಿಳಿದುಕೊಳ್ಳುವುದಕ್ಕೆ, ನಮಗೆ ತಿಳಿಸುವುದಕ್ಕಲ್ಲ ಎಂದು ಮೊದಲೇ ಹೇಳಬಾರದಿತ್ತೇ? ಆ ಗಾಜಿನ ತಟ್ಟೆಯನ್ನು ನೋಡಿದವರು ಅಂದು ತಮ್ಮ ಮನೆಯಲ್ಲಿ ಹಸಿನೀರು ಕುಡಿದರೇ? ನಂಬಿಸುವುದಕ್ಕೆ ನಮ್ಮ ಮನೆಯ ದಾರಿ ಗೊತ್ತಿತ್ತು, ಎಚ್ಚರಿಸುವುದಕ್ಕೆ ಮರೆತುಹೋಯಿತೇ? ಅವಳ ಕಿವಿಗೆ ಒಂದು ಮಾತು ಹಾಕಿದ್ದರೆ ಸಂಜೆಯೊಳಗೆ ಬೀದಿಯ ಒಲೆಗಳ ಮೇಲೆಲ್ಲ ನೀರು ಕುದಿಯುತ್ತಿತ್ತು.

ನಾನು ಪರಿಹಾರ ಕೇಳುತ್ತಿಲ್ಲ. ನಲ್ಲಿ ಕಿತ್ತುಹಾಕಿ ಎಂದೂ ಕೇಳುತ್ತಿಲ್ಲ. ಮರಳಿನಲ್ಲಿ ಇಳಿದು ಬಂದ ನೀರು ಒಳ್ಳೆಯದೇ. ಅವಳು ಹೇಳಿದ್ದು ಸುಳ್ಳಲ್ಲ. ಪರೀಕ್ಷೆಯಲ್ಲಿ ಕೆಟ್ಟದ್ದು ಕಂಡ ಕೂಡಲೇ ಬೀದಿಬೀದಿಗೆ ಡಂಗುರ ಸಾರಿಸಿ. ಮತ್ತೆ, ಒಮ್ಮೆ ತಾವೇ ನಮ್ಮ ನಲ್ಲಿಯ ಹತ್ತಿರ ಬಂದು, ಅಲ್ಲಿ ನಿಂತ ತಾಯಂದಿರ ಎದುರು ಗಟ್ಟಿಯಾಗಿ ಹೇಳಿ: ತಪ್ಪು ಆಕೆಯದಲ್ಲ, ನಮ್ಮದು.

ನಾನೀಗ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನೀರು ಹಿಡಿಯಲು ನಲ್ಲಿಗೆ ಹೋಗುತ್ತೇನೆ. ತಾವು ಬರುವ ದಿನ ತಿಳಿಸಿದರೆ, ಅಂದು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ.

ಇಂತಿ,
ಒಬ್ಬನಿಗಾಗುವಷ್ಟೇ ನೀರು ಕಾಯಿಸಿಕೊಳ್ಳುತ್ತಿರುವ,
ಸೂಲಗಿತ್ತಿಯ ಗಂಡ